ನಗರದ ನಕ್ಷೆಯಲ್ಲಿ ನೀರಿಗೆ ಜಾಗ ಬೇಕು



ಬೆಂಗಳೂರಿನ 2024ನೆಯ ಇಸವಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕೈತೋಟಕ್ಕೆ ಹಾಯಿಸುವಂತಿಲ್ಲ, ಕಟ್ಟಡದ ಕೆಲಸಕ್ಕೆ ಬಳಸುವಂತಿಲ್ಲ. ಬಳಸಿದರೆ 5,000 ರೂಪಾಯಿ ದಂಡ. ನಗರದಲ್ಲಿ ಸರ್ಕಾರ ಕೊರೆಸಿದ್ದ ಸುಮಾರು 14,000 ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಗೊತ್ತುಮಾಡಬೇಕಾಯಿತು. ಏಪ್ರಿಲ್ 28ರಂದು ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅದಾಗಿ ಐದು ವಾರಕ್ಕೆ, ಜೂನ್ 2ರ ಒಂದೇ ದಿನ, 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ಅದಕ್ಕೆ ಹಿಂದಿನ 130 ವರ್ಷಗಳಲ್ಲಿ ಬಿದ್ದಿರಲಿಲ್ಲ. ಅಕ್ಟೋಬರಿನಲ್ಲಿ ನೀರು ನುಗ್ಗಿದ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ನಿವಾಸಿಗಳನ್ನು ದೋಣಿಗಳಲ್ಲಿ ಕೂರಿಸಿ ಹೊರಗೆ ಕರೆತಂದರು.

ನೀರಿಲ್ಲದ ಬವಣೆ, ನೀರು ನುಗ್ಗಿದ ಬವಣೆ, ಎರಡೂ ಒಂದೇ ಊರಿಗೆ, ಎಂಟು ತಿಂಗಳ ಒಳಗೆ. ಸರ್ಕಾರದಲ್ಲಿ ಇವಕ್ಕೆ ಬೇರೆ ಬೇರೆ ಕಡತಗಳಿವೆ. ಬರ ಬಂದರೆ ಜಲಮಂಡಳಿ, ನೆರೆ ಬಂದರೆ ಪಾಲಿಕೆ, ಬಿಸಿಲಿನ ಮಾತು ಬಂದರೆ ಹವಾಮಾನ ಕ್ರಿಯಾ ಯೋಜನೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಮೂರೂ ಒಂದೇ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಯಾವ ಸರ್ವೆ ನಂಬರಿನ ಜಮೀನಿನಲ್ಲಿ ಏನು ಕಟ್ಟಬಹುದು ಎಂದು ಅಪ್ಪಣೆ ಕೊಡುವ ಮೇಜು ಅದು. ಐವತ್ತು ವರ್ಷಗಳಿಂದ ಆ ಮೇಜಿನ ಮೇಲೆ ನೀರಿನ ಲೆಕ್ಕ ಬಂದಿಲ್ಲ. ಅಲ್ಲಿ ತಪ್ಪಿದ ಲೆಕ್ಕವನ್ನು ಸರಿಮಾಡಲು ಇನ್ನೊಂದು ಇಲಾಖೆ ಇನ್ನೂ ದೂರದ ಹೊಳೆಗೆ ಪೈಪು ಹಾಕುತ್ತಾ ಬಂದಿದೆ.

ಬೆಂಗಳೂರು ಹೊಳೆದಂಡೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಇಲ್ಲಿ ಬಿದ್ದ ಮಳೆ ಒಂದು ಮಗ್ಗುಲಿಗೆ ಅರ್ಕಾವತಿಯ ಕಡೆಗೂ ಇನ್ನೊಂದು ಮಗ್ಗುಲಿಗೆ ದಕ್ಷಿಣ ಪಿನಾಕಿನಿಯ ಕಡೆಗೂ ಇಳಿದು ಹೋಗುತ್ತದೆ. ಇಳಿದುಹೋಗುವ ನೀರನ್ನು ಅಲ್ಲಲ್ಲೇ ತಡೆದು ನಿಲ್ಲಿಸಿದರೆ ಮಾತ್ರ ಇಂಥ ಊರು ಬದುಕೀತು ಎಂದು ಅರಿತೇ ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡಲು, ಏರಿ ಕಾಯಲು, ನೀರಗಂಟಿ ಇರುತ್ತಿದ್ದ. ಕೆರೆಯ ಸುತ್ತ ಗುಂಡುತೋಪು, ಗೋಮಾಳ. ಕಾಗದದಲ್ಲಿ ಇವುಗಳಿಗೆ ಬೆಲೆ ಇರಲಿಲ್ಲ, ಖರಾಬು ಜಮೀನು ಎಂದೇ ಬರೆಯುತ್ತಿದ್ದರು. ಆ ಬರಹವೇ ಮುಂದೆ ಇವುಗಳಿಗೆ ಮುಳುವಾಯಿತು.

ಕೊಳಾಯಿ ನೀರಿನ ಕಥೆ ಶುರುವಾದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ. ಅರ್ಕಾವತಿಗೆ ಅಡ್ಡವಾಗಿದ್ದ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ತಂದರು. 1920ರ ದಶಕದ ನಡುವೆ ಮಳೆ ಕೈಕೊಟ್ಟು ಹೆಸರಘಟ್ಟ ಒಣಗಿದಾಗ, ಅದೇ ಹೊಳೆಯ ಕೆಳಗೆ, ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. 1933ರಲ್ಲಿ ಅದು ಸಿದ್ಧವಾಯಿತು. ಚಾಮರಾಜಸಾಗರ ಎಂದು ಹೆಸರಿಟ್ಟರು. ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಗರದ ಪಶ್ಚಿಮ ಭಾಗಕ್ಕೆ ಅದರ ನೀರು ಬಂತು. 2012ರ ಸುಮಾರಿಗೆ ಅಲ್ಲಿಂದ ನೀರೆತ್ತುವುದೇ ನಿಂತುಹೋಯಿತು.

ಏಕೆ ನಿಂತಿತು? ಮಳೆ ಕಡಿಮೆಯಾಯಿತು ಎಂದು ನಾವೆಲ್ಲ ನಂಬಿದ್ದೆವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಯಾಕೆ ಬತ್ತುತ್ತಿದೆ ಎಂಬ ಪ್ರಶ್ನೆಯನ್ನೇ ಹಿಡಿದು ವರ್ಷಗಟ್ಟಲೆ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡ ಮುಖ್ಯ ಕಾರಣ ಮಳೆಯದಲ್ಲ, ಮನುಷ್ಯರದು. ಜಲಾನಯನದ ತುಂಬ ಕೊಳವೆಬಾವಿ ಕೊರೆದು ಅಂತರ್ಜಲವನ್ನು ಬಗೆದು ತೆಗೆದದ್ದು, ರಾಗಿ ಹೊಲಗಳ ಜಾಗದಲ್ಲಿ ನೀಲಗಿರಿ ತೋಪು ಎದ್ದದ್ದು. ನೆಲದಡಿಯ ನೀರು ಇಳಿದ ಮೇಲೆ ಮೇಲಿನ ಹಳ್ಳದಲ್ಲಿ ನೀರು ಉಳಿಯುವುದಾದರೂ ಹೇಗೆ? ನೀಲಗಿರಿ ನೆಡಲು ಪ್ರೋತ್ಸಾಹ ಕೊಟ್ಟದ್ದು ಸರ್ಕಾರ. ಜಲಾನಯನದಲ್ಲಿ ಕೈಗಾರಿಕೆಗೂ ಬಡಾವಣೆಗೂ ಜಮೀನು ಬಿಟ್ಟುಕೊಟ್ಟದ್ದೂ ಸರ್ಕಾರವೇ. ಅಪಾಯ ಅದಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 2003ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ಕಾಪಾಡಲೆಂದೇ ವಿಶೇಷ ಅಧಿಸೂಚನೆ ಹೊರಡಿಸಿತ್ತು. ಎಲ್ಲಿ ಕಟ್ಟಬಾರದು, ಎಲ್ಲಿ ಎಷ್ಟು ಕಟ್ಟಬಹುದು ಎಂದು ವಲಯ ಮಾಡಿ ಬರೆದಿತ್ತು. ಆ ಅಧಿಸೂಚನೆಯನ್ನು ಗಟ್ಟಿಯಾಗಿ ಜಾರಿಗೆ ತಂದಿದ್ದರೆ ಇವತ್ತು ಊರಿನ ಮಗ್ಗುಲಲ್ಲೇ ಒಂದು ಜೀವಂತ ಜಲಾಶಯ ಇರುತ್ತಿತ್ತು. ಜಾರಿ ಮಾಡುವ ಬದಲು ಮುಂದೆ ಅದನ್ನೇ ಸಡಿಲಿಸಿದರು.

ಹತ್ತಿರದ ಹೊಳೆ ಬತ್ತುತ್ತಾ ಬಂದ ಹಾಗೆ ದೂರದ ಹೊಳೆಯ ಮೇಲಿನ ಭಾರ ಏರಿತು. ಕಾವೇರಿ ನೀರಿನ ಯೋಜನೆಯ ಮೊದಲ ಹಂತ 1974ರಲ್ಲಿ, ಎರಡನೆಯದು 1982ರಲ್ಲಿ, ಮೂರನೆಯದು 1990ರ ದಶಕದಲ್ಲಿ, ನಾಲ್ಕನೆಯದರ ಎರಡು ಘಟ್ಟಗಳು 2002ರಲ್ಲಿ ಮತ್ತು 2012ರಲ್ಲಿ. 2024ರ ಅಕ್ಟೋಬರ್ 16ರಂದು ಐದನೆಯ ಹಂತ. ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಹಳೆಯದೂ ಸೇರಿ ಈಗ ದಿನಕ್ಕೆ 220 ಕೋಟಿ ಲೀಟರಿಗೂ ಹೆಚ್ಚು ನೀರು ಬರಬೇಕು. ಐದನೆಯ ಹಂತವನ್ನು ನಾನು ಹಳಿಯುವುದಿಲ್ಲ. ಆ ನೀರು ತಲುಪಿದ ಮನೆಗಳ ಹೆಣ್ಣುಮಕ್ಕಳ ಮುಖದ ನೆಮ್ಮದಿಯನ್ನು ನಾನೂ ಕಂಡಿದ್ದೇನೆ. ಆದರೆ ಆ ಮನೆಗಳು ಎಷ್ಟು ಕಾಲ ಕಾದವು ಎಂಬುದನ್ನೂ ಹೇಳಬೇಕು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಎಂದು ಕರೆದರು. ಆ ಹಳ್ಳಿಗಳು ಅಂದಿನಿಂದ ಪಾಲಿಕೆಗೆ ತೆರಿಗೆ ಕಟ್ಟಿದವು. ಕಾವೇರಿ ನೀರಿನ ಯೋಜನೆ ಅವುಗಳನ್ನು ಮುಟ್ಟಿದ್ದು ಹದಿನೇಳು ವರ್ಷದ ಮೇಲೆ. ಅಷ್ಟರಲ್ಲಿ ಅಲ್ಲಿ ಹುಟ್ಟಿದ ಮಗು ಕಾಲೇಜು ಸೇರಿರುತ್ತದೆ.

ಆ ಹದಿನೇಳು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಕಟ್ಟಡ ನಿಂತಿತೇ? ಇಲ್ಲ. ವೈಟ್‌ಫೀಲ್ಡ್ ಕಡೆ, ಸರ್ಜಾಪುರ ರಸ್ತೆಯ ಕಡೆ, ಹೊರಮಾವಿನ ಕಡೆ ಹತ್ತು ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳಿಗೆ ಅಪ್ಪಣೆ ಸಿಕ್ಕುತ್ತಲೇ ಹೋಯಿತು. ರೆವಿನ್ಯೂ ಸೈಟುಗಳು ಮಾರಾಟವಾಗುತ್ತಲೇ ಹೋದವು. ಬಿ ಖಾತಾ ಆಯಿತು, ಆಮೇಲೆ ಅದನ್ನು ಸಕ್ರಮ ಮಾಡುವ ಭರವಸೆ ಪ್ರತಿ ಚುನಾವಣೆಯಲ್ಲೂ ಬಂತು. ಕಟ್ಟಡಕ್ಕೆ ಅಪ್ಪಣೆ ಕೊಡುವಾಗ ಅಗ್ನಿಶಾಮಕ ದಳದ ಕಾಗದ ಕೇಳುತ್ತಾರೆ, ವಾಹನ ನಿಲುಗಡೆಯ ಜಾಗ ಅಳೆಯುತ್ತಾರೆ. ಸಾವಿರ ಸಂಸಾರ ಬಂದು ನೆಲೆಸುವ ಕಡೆ ಮೂವತ್ತು ವರ್ಷ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮಾತ್ರ, ಕೊಳವೆಬಾವಿ ಇದೆ ಎಂಬ ಉತ್ತರವೇ ಸಾಕಾಯಿತು. ಕೊಳವೆಬಾವಿ ಬತ್ತಿದರೆ ಟ್ಯಾಂಕರ್. ಟ್ಯಾಂಕರಿನ ನೀರು ಬರುವುದು ಇನ್ನೂ ಹೊರಗಿನ ಹಳ್ಳಿಯ ಕೊಳವೆಬಾವಿಯಿಂದ. ಹೀಗೆ ನಗರ ತಾನು ಬೆಳೆಯುವ ಮೊದಲೇ ತನ್ನ ಮುಂದಿನ ಅಂಚಿನ ನೀರನ್ನು ಕುಡಿದು ಮುಗಿಸುತ್ತಿದೆ.

2024ರ ಬೇಸಗೆಯಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಕಂಡದ್ದು ದೊಡ್ಡ ಅಪಾರ್ಟ್‌ಮೆಂಟುಗಳ ಪಾಡು. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರ ಪಾಡು ಅಷ್ಟಾಗಿ ಕಾಣಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರು ಅವರು. ಅವರ ಬಳಿ ಸಂಪು ಇಲ್ಲ, ಆದ್ದರಿಂದ ಟ್ಯಾಂಕರಿನಿಂದ ಅಗ್ಗವಾಗಿ ಒಟ್ಟಿಗೆ ಕೊಳ್ಳುವಂತಿಲ್ಲ. ಕೊಡದ ಲೆಕ್ಕದಲ್ಲಿ, ಕ್ಯಾನಿನ ಲೆಕ್ಕದಲ್ಲಿ ಕೊಳ್ಳಬೇಕು. ಲೀಟರಿಗೆ ಅತಿ ಹೆಚ್ಚು ಹಣ ತೆರುವವರು ಅತಿ ಬಡವರು. ಕೊಳಾಯಿ ಸಂಪರ್ಕ ಕೊಡಲು ಖಾತಾ ಕೇಳುವ, ಕಟ್ಟಡದ ನಕ್ಷೆ ಕೇಳುವ ನಿಯಮ ಅವರನ್ನು ಕೊಳಾಯಿಯ ಹತ್ತಿರಕ್ಕೇ ಬಿಡುವುದಿಲ್ಲ.

ಕಾವೇರಿ ನೀರು ಬರುವ ಬಗೆಯನ್ನೂ ಸ್ವಲ್ಪ ನೋಡೋಣ. ಶಿವನಸಮುದ್ರದ ಬಳಿಯಿಂದ ನೀರು ತೆಗೆದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಬೇಕು. ಪೈಪಿನ ಘರ್ಷಣೆ, ಯಂತ್ರದ ನಷ್ಟ ಎಲ್ಲ ಬಿಟ್ಟು ಬರೀ ಎತ್ತರದ ಲೆಕ್ಕ ಹಾಕಿದರೂ ಸಾವಿರ ಲೀಟರಿಗೆ ಸುಮಾರು 1.36 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ 220 ಕೋಟಿ ಲೀಟರಿಗೆ ಅದು 30 ಲಕ್ಷ ಯೂನಿಟ್ ಆಗುತ್ತದೆ. ನಿಜವಾದ ಖರ್ಚು ಇದಕ್ಕಿಂತ ಹೆಚ್ಚು. ಹೀಗೆ ಬೆಟ್ಟ ಹತ್ತಿಸಿದ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋರಿಕೆಯಲ್ಲೋ ಕಳ್ಳ ಸಂಪರ್ಕದಲ್ಲೋ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. 2023ರ ನವೆಂಬರಿನಲ್ಲಿ ನಗರಕ್ಕೆ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆಯಾಯಿತು. 2050ರ ಹೊತ್ತಿಗೆ ಇಂಗಾಲದ ಹೊರೆಯನ್ನು ಸೊನ್ನೆಗೆ ತರುತ್ತೇವೆ ಎಂದು ಅದು ಹೇಳುತ್ತದೆ. ದೂರದ ನೀರನ್ನು ಎತ್ತುವ ಪ್ರತಿ ಹೊಸ ಯೋಜನೆಯೂ ಆ ಮಾತಿಗೆ ಎದುರು ನಡೆಯುವ ಹೆಜ್ಜೆ ಎಂದು ಯಾವ ಸಚಿವ ಸಂಪುಟದ ಟಿಪ್ಪಣಿಯಲ್ಲಾದರೂ ಬರೆದಿದ್ದಾರೆಯೇ?

ಕಾವೇರಿಗೂ ಮಿತಿ ಇದೆ. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ಇಡೀ ಕರ್ನಾಟಕಕ್ಕೆ ಸಿಕ್ಕಿದ್ದು 284.75 ಟಿಎಂಸಿ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗ ಮಂಡ್ಯದ ರೈತರು ಕಾವೇರಿ ನೀರಿಗಾಗಿ ಬೀದಿಗೆ ಬಂದರು. ಅದರ ಹಿಂದಿನ ವರ್ಷ, 2022ರಲ್ಲಿ, ಬೆಂಗಳೂರು ತನ್ನ ಇತಿಹಾಸದ ಅತಿ ಹೆಚ್ಚು ಮಳೆ ಕಂಡಿತ್ತು. ಮೇಲಿಂದ ಮೇಲೆ ಎರಡು ವರ್ಷ, ಒಂದು ಅತಿಯ ತುದಿ, ಇನ್ನೊಂದು ಕೊರತೆಯ ತುದಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮಳೆಯಿಲ್ಲದ ದಿನಗಳು ಉದ್ದವಾಗುತ್ತವೆ, ಬಂದ ಮಳೆ ಒಮ್ಮೆಗೇ ಸುರಿಯುತ್ತದೆ. ಇಂಥ ಹವೆಗೆ ಬೇಕಾದದ್ದು ಸುರಿದಾಗ ಹಿಡಿದಿಟ್ಟು ಒಣಗಿದಾಗ ಕೊಡುವ ವ್ಯವಸ್ಥೆ. ಕೆರೆ ಎಂದರೆ ಅದೇ.

ಮಳೆಯ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ನಗರದ ವಿಸ್ತಾರ 700 ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ವರ್ಷದ ಸರಾಸರಿ ಮಳೆ 970 ಮಿಲಿಮೀಟರಿನ ಆಸುಪಾಸು. ಗುಣಿಸಿದರೆ 24 ಟಿಎಂಸಿ. ಐದನೆಯ ಹಂತಕ್ಕೆ ಮೊದಲು ಕಾವೇರಿಯಿಂದ ವರ್ಷಕ್ಕೆ ತರುತ್ತಿದ್ದುದು ಸುಮಾರು 19 ಟಿಎಂಸಿ. ಬಿದ್ದ ಮಳೆಯೆಲ್ಲ ಕೈಗೆ ಸಿಗುವುದಿಲ್ಲ, ಆವಿಯಾಗುತ್ತದೆ, ಗಿಡಮರ ಹೀರುತ್ತವೆ. ಆದರೂ ಅದರಲ್ಲಿ ಮೂರನೆಯ ಒಂದು ಪಾಲು ಹಿಡಿದರೆ ಎಷ್ಟು ಕಾವೇರಿ ನೀರು ಮಂಡ್ಯದ ಗದ್ದೆಗೆ ಉಳಿಯುತ್ತದೆ ಯೋಚಿಸಿ. ಮನೆಮನೆಯಲ್ಲಿ ಮಳೆನೀರು ಸಂಗ್ರಹ ಕಡ್ಡಾಯ ಎಂಬ ಕಾನೂನು 2009ರಿಂದ ಇದೆ. ಮಾಡದವರಿಗೆ ನೀರಿನ ಬಿಲ್ಲಿನಲ್ಲಿ ದಂಡ ಸೇರಿಸುತ್ತಾರೆ. ಬಹಳ ಮಂದಿ ದಂಡವನ್ನೇ ತಿಂಗಳು ತಿಂಗಳು ಕಟ್ಟಿಕೊಂಡು ಹೋಗುತ್ತಾರೆ, ಮಂಡಳಿ ಅದನ್ನು ಆದಾಯವಾಗಿ ತೆಗೆದುಕೊಂಡು ಸುಮ್ಮನಾಗುತ್ತದೆ.

ಕೆರೆಗಳಿಗೆ ನಾವು ಏನು ಮಾಡಿದೆವು ಎಂಬುದು ಊರಿಗೆಲ್ಲ ಗೊತ್ತು. ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಇವನ್ನೆಲ್ಲ ಅರಿಯದ ಕಾಲದ ತಪ್ಪು ಎಂದು ತಳ್ಳಿಹಾಕುವ ಹಾಗಿಲ್ಲ. 1980ರ ದಶಕದ ನಡುವೆ ಎನ್. ಲಕ್ಷ್ಮಣರಾವ್ ಅವರ ನೇತೃತ್ವದ ಸಮಿತಿಯನ್ನು ಸರ್ಕಾರವೇ ನೇಮಿಸಿತ್ತು. ಉಳಿದ ಕೆರೆಗಳನ್ನು ಒಡೆಯಬೇಡಿ, ನೀರು ಬರುವ ಕಾಲುವೆಗಳನ್ನು ಮುಚ್ಚಬೇಡಿ, ಒತ್ತುವರಿ ತೆರವು ಮಾಡಿ, ಕೊಳಚೆ ಬಿಡಬೇಡಿ ಎಂದು ಸಮಿತಿ ಸ್ಪಷ್ಟವಾಗಿ ಹೇಳಿತು. ಸರ್ಕಾರ ವರದಿಯನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆಯೇ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಸಮುಚ್ಚಯ ಕಟ್ಟಿದ್ದು. ಅದನ್ನು ಕಟ್ಟಿದ್ದು ಸರ್ಕಾರದ್ದೇ ಗೃಹಮಂಡಳಿ.

ಕೆರೆ ಹೋದದ್ದು ಕಣ್ಣಿಗೆ ಕಾಣುತ್ತದೆ, ಕಾಲುವೆ ಹೋದದ್ದು ಮಳೆ ಬಂದಾಗಲೇ ತಿಳಿಯುವುದು. ಮಹಾಲೇಖಪಾಲರು 2021ರಲ್ಲಿ ಬೆಂಗಳೂರಿನ ಮಳೆನೀರು ಕಾಲುವೆಗಳ ಬಗ್ಗೆ ಕೊಟ್ಟ ವರದಿಯನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರಿನಷ್ಟಿದ್ದ ಹಳ್ಳ ಕಾಲುವೆಗಳು ಸುಮಾರು 63 ಕಿಲೋಮೀಟರಿಗೆ ಇಳಿದಿವೆ. ವೃಷಭಾವತಿ ಕಣಿವೆಯಲ್ಲಿ 226 ಕಿಲೋಮೀಟರ್ ಇದ್ದದ್ದು 112 ಆಗಿದೆ. ಅರ್ಧಕ್ಕರ್ಧ! ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ, 1970ರ ದಶಕದಿಂದೀಚೆಗೆ ನಗರದ ಹಸಿರಿನಲ್ಲಿ ಶೇಕಡ 88, ನೀರಿನ ಹರವಿನಲ್ಲಿ ಶೇಕಡ 79 ಹೋಗಿದೆ ಎಂದು ಹೇಳಿತು. ನೆಲದ ಮೇಲೆಲ್ಲ ಕಾಂಕ್ರೀಟು, ಇಂಗಲು ಜಾಗವಿಲ್ಲ, ಹರಿಯಲು ಇದ್ದ ದಾರಿ ಅರ್ಧವಾಗಿದೆ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರು ಹತ್ತಿ ಕೆಲಸಕ್ಕೆ ಹೋದರಲ್ಲ, ಆ ಟ್ರ್ಯಾಕ್ಟರುಗಳು ಓಡಿದ್ದು ಹಿಂದೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ನೀರು ಹೋಗುತ್ತಿದ್ದ ತಗ್ಗಿನಲ್ಲಿ. ಅಂದು ಒತ್ತುವರಿ ತೆರವು ಎಂದು ಕೆಲವು ದಿನ ಜೆಸಿಬಿ ಓಡಾಡಿತು. ಕಾಲುವೆಯ ಮೇಲೆ ಕಟ್ಟಲು ನಕ್ಷೆ ಮಂಜೂರು ಮಾಡಿಕೊಟ್ಟ ಅಧಿಕಾರಿಗಳ ಹೆಸರು ಮಾತ್ರ ಜನರ ಮುಂದೆ ಬರಲಿಲ್ಲ.

ಕೆರೆಯ ಅಂಚಿನಿಂದ ಎಷ್ಟು ದೂರ ಕಟ್ಟಡ ಇರಬಾರದು ಎಂಬ ಪ್ರಶ್ನೆಯಲ್ಲಂತೂ ಸರ್ಕಾರದ ಮನಸ್ಸು ಎತ್ತ ವಾಲಿದೆ ಎಂಬುದು ತೆರೆದು ಕಾಣುತ್ತದೆ. ನಗರದ 2007ರ ಮಹಾಯೋಜನೆಯಲ್ಲಿ 30 ಮೀಟರ್ ಎಂದಿತ್ತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. ಕಾನೂನಿನ ಪ್ರಕಾರ ಮಾಡಿದ ಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂದು 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದುಮಾಡಿತು. ಅಧಿಕಾರ ಇದ್ದದ್ದು ರಾಜ್ಯಕ್ಕೆ. ರಾಜ್ಯ ಮನಸ್ಸು ಮಾಡಿದ್ದರೆ ತಾನೇ ಅಂಚನ್ನು ಹಿಗ್ಗಿಸಬಹುದಿತ್ತು. 2025ರ ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ತಿದ್ದುಪಡಿ ಮಸೂದೆ ಅದನ್ನು ಕುಗ್ಗಿಸುವಂಥದ್ದು. ಅದರ ಪ್ರಕಾರ ಕೆರೆ ಚಿಕ್ಕದಾದಷ್ಟೂ ಬಿಡಬೇಕಾದ ಜಾಗವೂ ಕಿರಿದಾಗುತ್ತಾ ಹೋಗುತ್ತದೆ. ಚಿಕ್ಕ ಕೆರೆಗಳು ಸಾಮಾನ್ಯವಾಗಿ ಸರಪಳಿಯ ಮೇಲ್ತುದಿಯಲ್ಲಿ ಇರುತ್ತವೆ. ಸುರಿದ ಮಳೆಗೆ ಮೊದಲ ತಡೆ ಅವೇ. ಕುಂಟೆಗಳನ್ನೂ ಕಟ್ಟೆಗಳನ್ನೂ ಬಿಟ್ಟುಕೊಟ್ಟು ದೊಡ್ಡ ಕೆರೆಯೊಂದನ್ನೇ ಉಳಿಸುತ್ತೇವೆ ಎಂದರೆ, ಬೇರು ಕಡಿದು ಕೊಂಬೆಗೆ ನೀರು ಹೊಯ್ದ ಹಾಗೆ. ಇದು ಕೆರೆಯ ಬಗ್ಗೆ ಒಂದಿಷ್ಟು ತಿಳಿದ ಯಾವ ರೈತನಿಗೂ ಗೊತ್ತಿರುವ ವಿಷಯ.

ಇನ್ನು ಬಳಸಿ ಬಿಟ್ಟ ನೀರಿನ ಮಾತು. ನಗರಕ್ಕೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ. ಬೆಳ್ಳಂದೂರು ಕೆರೆ ನೊರೆಯುಕ್ಕಿ ರಸ್ತೆಗೆ ಬಂದದ್ದನ್ನು, 2017ರಲ್ಲಿ, 2018ರಲ್ಲಿ ಬೆಂಕಿ ಹತ್ತಿ ಹೊಗೆಯಾಡಿದ್ದನ್ನು ಲೋಕವೆಲ್ಲ ನೋಡಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ, ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಶಾಶ್ವತ ನೀರಾವರಿಗಾಗಿ ದಶಕಗಳ ಕಾಲ ಹೋರಾಡಿದ ಜಿಲ್ಲೆ ಅದು. ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಕಂಡಿತು, ಅದನ್ನು ಸಂತೋಷದಿಂದಲೇ ಹೇಳುತ್ತೇನೆ. ಆದರೆ ಕಳಿಸುತ್ತಿರುವುದು ಎರಡನೆಯ ಹಂತದವರೆಗೆ ಮಾತ್ರ ಶುದ್ಧಮಾಡಿದ ನೀರು. ಮೂರನೆಯ ಹಂತದ ಶುದ್ಧೀಕರಣ ಮಾಡಿ ಕಳಿಸಿ ಎಂದು ಕೋಲಾರದ ಜನ ಮೊದಲ ವರ್ಷದಿಂದ ಕೇಳುತ್ತಿದ್ದಾರೆ. ಕೆರೆಯ ನೀರು ಇಂಗಿ ಕೊಳವೆಬಾವಿಗೆ ಇಳಿಯುತ್ತದೆ, ಅದನ್ನೇ ಹಳ್ಳಿಯವರು ಕುಡಿಯುತ್ತಾರೆ. ತನ್ನ ಮನೆಯ ಕೊಳಾಯಿಗೆ ಬಿಡಲು ಹಿಂಜರಿಯುವ ನೀರನ್ನು ರಾಜಧಾನಿ ನೆರೆಯ ಜಿಲ್ಲೆಗೆ ಕಳಿಸಬಾರದು. ಹಣದ ಕೊರತೆ ಎಂಬ ಉತ್ತರವನ್ನು ನಾನು ಒಪ್ಪಲಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 17 ಕಿಲೋಮೀಟರಿನಷ್ಟು ಸುರಂಗ ರಸ್ತೆಗೆ 17,000 ಕೋಟಿ ರೂಪಾಯಿಗೂ ಮಿಕ್ಕ ಅಂದಾಜು ಮಾಡಿರುವ ಸರ್ಕಾರ ಇದು. ಆ ಸುರಂಗ ಲಾಲ್‌ಬಾಗಿನ ಬಂಡೆಯ ಆಸುಪಾಸಿನಲ್ಲಿ ಹಾದರೆ ನೆಲದಡಿಯ ನೀರಿನ ದಾರಿ ಏನಾದೀತು ಎಂಬ ಪ್ರಶ್ನೆಗೆ ತೃಪ್ತಿಯಾಗುವ ಉತ್ತರವನ್ನೂ ಅದು ಕೊಟ್ಟಿಲ್ಲ.

ಕೋಲಾರಕ್ಕೆ ಹೋಗುವುದು ಪೂರ್ವದ ಕಣಿವೆಯ ನೀರು. ಪಶ್ಚಿಮದ ವೃಷಭಾವತಿಯ ಕಥೆ ಇನ್ನೂ ಕಠೋರ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುವ ಹೊಳೆ ಎಂದು ಊರು ನಂಬಿರುವ ವೃಷಭಾವತಿ ಇಂದು ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಾಗಿ ಹರಿದು, ಬೈರಮಂಗಲದ ಕೆರೆಯನ್ನು ಹಾಳುಮಾಡಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಸಂಗಮದಿಂದ ಕೆಲವೇ ಕಿಲೋಮೀಟರ್ ಕೆಳಗೆ ಮೇಕೆದಾಟು. ಅಲ್ಲಿ 67 ಟಿಎಂಸಿಯ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಡುವುದು ಸರ್ಕಾರದ ಯೋಜನೆ. ಕೇಳುಗರು ಈ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆದು ನೋಡಬೇಕು. ಬೆಂಗಳೂರಿನ ಕೊಳಚೆ ವೃಷಭಾವತಿಯಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಇಳಿದು ಅದೇ ಜಲಾಶಯಕ್ಕೆ ಸೇರುತ್ತದೆ. ಅದನ್ನೇ ಶುದ್ಧಮಾಡಿ, ಮತ್ತೆ ಬೆಟ್ಟ ಹತ್ತಿಸಿ, ಬೆಂಗಳೂರಿಗೆ ತರಬೇಕು. ಇದಕ್ಕಾಗಿ ಸುಮಾರು 5,000 ಹೆಕ್ಟೇರ್ ಪ್ರದೇಶ ಮುಳುಗುತ್ತದೆ, ಅದರಲ್ಲಿ ಬಹುಪಾಲು ಕಾಡು, ಕಾವೇರಿ ವನ್ಯಧಾಮದ ಆನೆಗಳ ಕಾಡು. ತಮಿಳುನಾಡಿನ ತಕರಾರನ್ನು ಬದಿಗಿಟ್ಟರೂ, ನಮ್ಮ ರಾಜ್ಯದ ಒಳಗೇ ಕೇಳಬೇಕಾದ ಪ್ರಶ್ನೆ ಇದು: ಮೊದಲು ವೃಷಭಾವತಿಯನ್ನು ಶುದ್ಧಮಾಡಿ, ಅರ್ಕಾವತಿಯನ್ನು ಬದುಕಿಸಿ, ಆಮೇಲೂ ನೀರು ಸಾಲದಿದ್ದರೆ ಅಣೆಕಟ್ಟಿನ ಮಾತು ಆಡಬಾರದೇಕೆ? ಎತ್ತಿನಹೊಳೆಯ ಹೆಸರಿನಲ್ಲಿ ಸಕಲೇಶಪುರದ ಕಾಡಿನ ಹಳ್ಳಗಳಿಗೆ ಕೈಹಾಕಿದ್ದು, ಶರಾವತಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪ ಬಂದು 2019ರಲ್ಲಿ ಮಲೆನಾಡು ಸಿಡಿದೆದ್ದದ್ದು, ಇವೂ ಇದೇ ದಾರಿಯವು.

ಹಾಗಾದರೆ ನಗರದ ನಕ್ಷೆ ಯಾರ ಕೈಯಲ್ಲಿದೆ? ಸಂವಿಧಾನದ 74ನೆಯ ತಿದ್ದುಪಡಿ, ಮಹಾನಗರ ಯೋಜನೆಯನ್ನು ಚುನಾಯಿತ ಪ್ರತಿನಿಧಿಗಳೇ ಹೆಚ್ಚಿರುವ ಸಮಿತಿ ಮಾಡಬೇಕು ಎನ್ನುತ್ತದೆ. ಬೆಂಗಳೂರಿನ ಮಹಾಯೋಜನೆ ಮಾಡುತ್ತಾ ಬಂದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಿಡಿಎ. ಸೈಟು ಮಾಡಿ ಹಂಚುವ ಸಂಸ್ಥೆಯೇ ಎಲ್ಲಿ ಸೈಟು ಮಾಡಬಹುದು ಎಂದು ತೀರ್ಮಾನಿಸಿತು. 2007ರಲ್ಲಿ ಜಾರಿಗೆ ಬಂದ ಯೋಜನೆಯ ಗಡುವು 2015ಕ್ಕೇ ಮುಗಿದಿದೆ. 2031ರವರೆಗಿನ ಕರಡನ್ನು 2017ರಲ್ಲಿ ಪ್ರಕಟಿಸಿ ಕೆಲವು ವರ್ಷದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಆ ಕರಡು 2031ಕ್ಕೆ ಎರಡು ಕೋಟಿ ಜನಸಂಖ್ಯೆಯನ್ನು ಅಂದಾಜು ಮಾಡಿತ್ತು. ಅಷ್ಟು ಜನ ಬರುವ ಊರು ಮುಗಿದುಹೋದ ನಕ್ಷೆ ಹಿಡಿದುಕೊಂಡು ಬೆಳೆಯುತ್ತಿದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಸಮಯಕ್ಕೆ ಸರಿಯಾಗಿ ಚುನಾವಣೆ ನಡೆಯಲಿಲ್ಲ. 2022ರ ನೆರೆಯಲ್ಲಿ, 2024ರ ನೀರಿನ ಬರದಲ್ಲಿ ವಾರ್ಡಿನ ಜನಕ್ಕೆ ಹೋಗಿ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ಆದರೆ ರಾಜಕಾಲುವೆ ಐದು ಪಾಲಿಕೆಗಳ ಗಡಿ ನೋಡಿ ಹರಿಯುವುದಿಲ್ಲ. ಯಲಹಂಕದ ಕೋಡಿಯ ನೀರು ಯಾರ ವ್ಯಾಪ್ತಿಯಲ್ಲಿ ನುಗ್ಗಿದರೆ ಯಾರು ಹೊಣೆ ಎಂಬುದನ್ನು ಕಣಿವೆಯ ಲೆಕ್ಕದಲ್ಲಿ ಬರೆದಿಡಬೇಕು.

ಹೊಸ ಮಹಾಯೋಜನೆ ಇಂದಲ್ಲ ನಾಳೆ ಬರಲೇಬೇಕು. ಅದರಲ್ಲಿ ರಸ್ತೆ ಎಳೆಯುವ ಮೊದಲು ನಗರದ ಕಣಿವೆಗಳ ಕೆರೆ ಕಾಲುವೆಗಳನ್ನು ಎಳೆಯಬೇಕು. ಒಂದೊಂದು ಪ್ರದೇಶಕ್ಕೂ ಎಷ್ಟು ಮಳೆನೀರು, ಎಷ್ಟು ಅಂತರ್ಜಲ, ಎಷ್ಟು ಕಾವೇರಿ, ಎಷ್ಟು ಮರುಬಳಕೆಯ ನೀರು ಸಿಗುತ್ತದೆ ಎಂದು ನಮೂದಿಸಿ, ಅದಕ್ಕೆ ತಕ್ಕಷ್ಟೇ ಅಂತಸ್ತುಗಳಿಗೆ ಅಪ್ಪಣೆ ಕೊಡಬೇಕು. ನೀರು ಸಾಲದ ಕಡೆ ಹೊಸ ಬಡಾವಣೆ ಬೇಡ ಎನ್ನುವ ಅಧಿಕಾರ ಜಲಮಂಡಳಿಗೆ ಕಾನೂನಿನಲ್ಲಿ ಇರಬೇಕು. ಶೆಡ್ಡುಗಳಲ್ಲಿ ಇರುವವರಿಗೆ ಖಾತಾ ಕೇಳದೆ ಸಾರ್ವಜನಿಕ ನಲ್ಲಿ ಕೊಡಬೇಕು, ಇದಕ್ಕೆ ಮಹಾಯೋಜನೆಯವರೆಗೂ ಕಾಯಬೇಕಾಗಿಲ್ಲ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಕಾನೂನು ಜನರಿಗೆ ಅವಕಾಶ ಕೊಟ್ಟಿದೆ. ಪ್ರತಿಯೊಂದು ಹಳ್ಳಿಯ ಹಳೆಯ ಗ್ರಾಮನಕ್ಷೆ ಭೂದಾಖಲೆಗಳ ಇಲಾಖೆಯಲ್ಲಿ ಸಿಗುತ್ತದೆ. ಕೆರೆ, ಕುಂಟೆ, ಹಳ್ಳ, ಕಾಲುವೆ ಎಲ್ಲವನ್ನೂ ಅದರಲ್ಲಿ ಗುರುತು ಮಾಡಿದ್ದಾರೆ. ನಿಮ್ಮ ಬಡಾವಣೆಯ ಗ್ರಾಮನಕ್ಷೆಯನ್ನು ಈಗಲೇ ತೆಗೆಸಿಟ್ಟುಕೊಳ್ಳಿ. ಕರಡು ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಕಾಲುವೆಯನ್ನು ಸರ್ವೆ ನಂಬರ್ ಸಹಿತ ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ, ಸ್ವೀಕೃತಿ ಪಡೆದು ಸಲ್ಲಿಸಿ.